ಕುರಿ ತಾನು ಮೇಯ್ದ ಹುಲ್ಲನ್ನ ಯಾರಿಗೂ ತೋರಿಸಲ್ಲ

ಈಚೀಚೆಗೆ ಬೆಳಿಗ್ಗೆ ಫೋನ್ ತೆಗೆದರೆ ಸಾಕು, ಗ್ರೂಪಿನಲ್ಲಿ ಒಬ್ಬ ರೋಮನ್ ಚಕ್ರವರ್ತಿ ಕೂತಿರ್ತಾನೆ. ಗಡ್ಡ ಬಿಟ್ಟ ಕಲ್ಲಿನ ಮುಖ, ಹಿಂದೆ ಕಪ್ಪು ಬಣ್ಣ, ಕೆಳಗೆ ಎರಡು ಸಾಲು ಉಪದೇಶ. ಮಾರ್ಕಸ್ ಅರೇಲಿಯಸ್. ಇನ್ನೊಂದು ಗ್ರೂಪಲ್ಲಿ ಸೆನೆಕಾ. ಮತ್ತೊಂದರಲ್ಲಿ ಎಪಿಕ್ಟೀಟಸ್. ಕೊಬ್ಬರಿ ರೇಟು, ಮಳೆ ಮುನ್ಸೂಚನೆ, ಸತ್ತವರ ಸುದ್ದಿ, ಇವುಗಳ ಮಧ್ಯೆ ಈ ಮಹಾನುಭಾವರು. ಎಲ್ಲರೂ ಕೈಮುಗಿಯೋ ಚಿತ್ರ ಒಂದು ಒತ್ತಿ ಮುಂದಿನ ಮೆಸೇಜಿಗೆ ಹೋಗ್ತಾರೆ.

ನನಗೆ ಈ ಮೂವರ ಮೇಲೂ ಗೌರವ ಇದೆ, ಅದಕ್ಕೇ ಈ ಟಿಪ್ಪಣಿ. ಹೇಳಬೇಕಾಗಿರೋದು ಎರಡೇ ಮಾತು. ಒಂದು, ಇವರ ತತ್ವ ದಿನಾ ಮಾಡೋ ಕೆಲಸ. ಓದಿ ತಲೆದೂಗಿ ಬಿಟ್ಟರೆ ಬೀಜ ತಂದು ಅಟ್ಟದ ಮೇಲೆ ಇಟ್ಟ ಹಾಗೆ. ಎರಡು, ಅದು ನಮಗೆ ನಾವೇ ಕುಡಿಯೋ ಕಷಾಯ. ಕಷ್ಟದಲ್ಲಿರೋ ಪಕ್ಕದ ಮನೆಯವನ ಬಾಯಿಗೆ ಸುರಿಯೋಕೆ ಹೋಗಬಾರದು. ಉದ್ದ ಆಗುತ್ತೆ, ಸಮಯ ಇದ್ದಾಗ ಓದಿ.

ಮೊದಲು ಇವರು ಯಾರು ಅಂತ ನೋಡೋಣ. ಕ್ರಿ.ಪೂ. 300ರ ಸುಮಾರಿಗೆ ಸೈಪ್ರಸ್ ದ್ವೀಪದ ಝೀನೋ ಅನ್ನೋನು ಗ್ರೀಸಿನ ಅಥೆನ್ಸ್ ಪಟ್ಟಣದಲ್ಲಿ ಪಾಠ ಶುರು ಮಾಡಿದ. ವ್ಯಾಪಾರಸ್ಥ ಆಗಿದ್ದವನು, ಹಡಗು ಒಡೆದು ಸರಕೆಲ್ಲ ಸಮುದ್ರದ ಪಾಲಾದ ಮೇಲೆ ಈ ಕಡೆ ತಿರುಗಿದ ಅಂತ ಹಳೇ ಕಥೆ ಇದೆ. ಅವನಿಗೆ ಸ್ವಂತ ಶಾಲೆ ಇರಲಿಲ್ಲ. ಪೇಟೆಯ ಪಕ್ಕ, ಗೋಡೆಗೆ ಚಿತ್ರ ಬರೆಸಿದ್ದ ಒಂದು ಕಂಬಗಳ ಚಾವಡಿ ಇತ್ತು. ಅಲ್ಲಿ ಓಡಾಡ್ತಾ ಮಾತಾಡ್ತಿದ್ದ, ಬೇಕಾದವರು ನಿಂತು ಕೇಳ್ತಿದ್ದರು. ಅಂಥ ಚಾವಡಿಗೆ ಗ್ರೀಕ್ ಭಾಷೇಲಿ 'ಸ್ಟೋಆ' ಅಂತಾರೆ. ಅದರಿಂದಲೇ ಇವರಿಗೆ ಸ್ಟೋಯಿಕರು ಅನ್ನೋ ಹೆಸರು ಬಂತು. ನಮ್ಮ ಮಾತಲ್ಲಿ ಚಾವಡಿಯವರು.

ಝೀನೋ ಆದಮೇಲೆ ಆ ಜಾಗಕ್ಕೆ ಬಂದವನು ಕ್ಲಿಯಾಂಥಿಸ್. ಮೊದಲು ಕುಸ್ತಿಪಟುವಿನ ಹಾಗೆ ಮುಷ್ಟಿಯುದ್ಧ ಮಾಡಿಕೊಂಡಿದ್ದವನು, ನಾಲ್ಕು ಕಾಸು ಹಿಡಿದುಕೊಂಡು ಅಥೆನ್ಸಿಗೆ ಬಂದ. ಹಗಲು ಪಾಠ. ರಾತ್ರಿ ಯಾರದೋ ತೋಟಕ್ಕೆ ಬಾವಿಯಿಂದ ನೀರು ಸೇದಿ ಹಾಕೋ ಕೂಲಿ. ಜನ ಅವನಿಗೆ 'ನೀರು ಸೇದೋನು' ಅಂತಲೇ ಅಡ್ಡಹೆಸರು ಇಟ್ಟಿದ್ದರು. ನಡುರಾತ್ರಿ ತ್ರೀ ಫೇಸ್ ಕರೆಂಟಿಗೆ ಕಾದು, ಬ್ಯಾಟರಿ ಹಿಡಿದುಕೊಂಡು ನೀರು ಕಟ್ಟೋ ನಮಗೆ ಈ ಮನುಷ್ಯ ದೂರದ ನೆಂಟ ಅನ್ನಿಸಲ್ವಾ?

ಇನ್ನೂ ಹತ್ತಿರದವನು ಒಬ್ಬ ಇದ್ದಾನೆ. ಕ್ರಿ.ಶ. ಒಂದನೇ ಶತಮಾನದ ರೋಮಿನ ಮುಸೋನಿಯಸ್ ರೂಫಸ್. ನೀರೋ ಚಕ್ರವರ್ತಿ ಅವನನ್ನ ಗ್ಯಾರೋಸ್ ಅನ್ನೋ ಬರಡು ದ್ವೀಪಕ್ಕೆ ಗಡೀಪಾರು ಮಾಡಿದ್ದ. ಅವನ ಉಪನ್ಯಾಸಗಳಲ್ಲಿ ಒಂದರ ವಿಷಯವೇ, ತತ್ವಜ್ಞಾನಿ ಹೊಟ್ಟೆಪಾಡಿಗೆ ಏನು ಮಾಡಬೇಕು ಅನ್ನೋದು. ಅವನ ಉತ್ತರ: ಬೇಸಾಯ, ಇಲ್ಲಾ ಕುರಿ ಮೇಯಿಸೋದು. ಭೂಮಿ ಕೊಟ್ಟದ್ದನ್ನ ತಿನ್ನೋದರಲ್ಲಿ ಯಾರ ಹಂಗೂ ಇಲ್ಲ, ಮೈ ದಣಿದರೂ ಯೋಚನೆಗೆ ಬಿಡುವು ಸಿಗುತ್ತೆ ಅನ್ನೋದು ಅವನ ಲೆಕ್ಕ. ಶಿಷ್ಯರು ಗುರು ಜೊತೆ ಹೊಲದಲ್ಲೇ ದುಡೀಬೇಕು, ಆಗ ಅವನು ಹೇಳೋದನ್ನ ಕೇಳೋದರ ಜೊತೆಗೆ ಬದುಕೋದನ್ನೂ ನೋಡಬಹುದು ಅಂದ. ಹೆಣ್ಣುಮಕ್ಕಳಿಗೂ ತತ್ವಶಾಸ್ತ್ರ ಕಲಿಸಬೇಕು ಅಂತ ಆ ಕಾಲದಲ್ಲೇ ವಾದ ಮಾಡಿದವನು ಅವನು.

ಆ ಮುಸೋನಿಯಸ್ ಹತ್ತಿರ ಪಾಠ ಕೇಳಿದವರಲ್ಲಿ ಒಬ್ಬ ಜೀತದ ಆಳು ಇದ್ದ. ಅವನೇ ಎಪಿಕ್ಟೀಟಸ್. ಹುಟ್ಟಿದ್ದು ಕ್ರಿ.ಶ. 50ರ ಸುಮಾರಿಗೆ, ಈಗಿನ ಟರ್ಕಿ ದೇಶದ ಹೈರಾಪೊಲಿಸ್ ಅನ್ನೋ ಊರಲ್ಲಿ. ಕಾಲು ಕುಂಟು. ಬಿಡುಗಡೆ ಆದಮೇಲೆ ರೋಮಿನಲ್ಲಿ ಪಾಠ ಹೇಳ್ತಿದ್ದ. ಡೊಮಿಷಿಯನ್ ಚಕ್ರವರ್ತಿ ತತ್ವಜ್ಞಾನಿಗಳನ್ನೆಲ್ಲ ಊರಿಂದ ಓಡಿಸಿದಾಗ ಗ್ರೀಸಿನ ನಿಕೊಪೊಲಿಸ್‌ಗೆ ಹೋಗಿ ಅಲ್ಲಿ ಶಾಲೆ ನಡೆಸಿದ. ಅವನು ಒಂದು ಅಕ್ಷರ ಬರೆದಿಡಲಿಲ್ಲ. ಏರಿಯನ್ ಅನ್ನೋ ಶಿಷ್ಯ ಟಿಪ್ಪಣಿ ಮಾಡಿಕೊಂಡಿದ್ದರಿಂದ ನಮಗೆ ಉಳೀತು. ಅದರ ಸಾರಾಂಶದ ಪುಟ್ಟ ಪುಸ್ತಕಕ್ಕೆ 'ಎನ್ಕಿರಿಡಿಯನ್' ಅಂತ ಹೆಸರು. ಕೈಯಲ್ಲಿ ಹಿಡಿಯೋ ವಸ್ತು ಅಂತ ಅರ್ಥ. ಸಣ್ಣ ಬಾಕುವಿಗೂ ಗ್ರೀಕರು ಅದೇ ಪದ ಬಳಸ್ತಿದ್ದರು. ನಮ್ಮ ಕನ್ನಡದ 'ಕೈಪಿಡಿ'ಯೂ ಹಂಗೇ ಅಲ್ವಾ? ಪಿಡಿ ಅಂದರೆ ಹಿಡಿ. ಕುಡುಗೋಲಿಗೆ ಹಿಡಿ ಇರೋದು ಹಿಡಿದು ಕೊಯ್ಯೋಕೆ, ಗೋಡೆಗೆ ನೇತುಹಾಕಿ ನೋಡೋಕೆ ಅಲ್ಲ.

ಈ ಟಿಪ್ಪಣಿಯ ತಲೆಬರಹ ಅವನ ಒಂದು ಹೋಲಿಕೆಯಿಂದ ಬಂದಿದ್ದು. ಕಲಿತದ್ದನ್ನ ಹತ್ತು ಜನರ ಮುಂದೆ ಒದರಬೇಡ ಅಂತ ಶಿಷ್ಯರಿಗೆ ಹೇಳುವಾಗ ಅವನು ಕುರಿಯನ್ನ ತೋರಿಸ್ತಾನೆ. ಎಷ್ಟು ಮೇಯ್ದೆ ಅಂತ ಕುರಿ ಹುಲ್ಲು ತಂದು ಕುರುಬನ ಮುಂದೆ ಹಾಕಲ್ಲ. ಅರಗಿಸಿಕೊಂಡು ಉಣ್ಣೆ, ಹಾಲು ಕೊಡುತ್ತೆ. ನಮ್ಮ ಗ್ರೂಪುಗಳಲ್ಲಿ ದಿನಾ ಬೀಳ್ತಿರೋದು ಹುಲ್ಲು. ಹಾಲು ಎಲ್ಲಿ ಅಂತ ನಾವು ಕೇಳಿಕೊಳ್ಳಬೇಕು.

ಸರಿ, ಅರಗಿಸಿಕೊಳ್ಳೋದು ಹೆಂಗೆ? ನಾನು ಕೆಲವು ವರ್ಷದಿಂದ ಇವರದ್ದೇ ಮೂರು ಅಭ್ಯಾಸ ಇಟ್ಟುಕೊಂಡಿದ್ದೀನಿ. ಮೂರಕ್ಕೂ ದುಡ್ಡು ಬೇಡ. ಹೊಲದ ಲೆಕ್ಕ ಬರೆಯೋ ನೋಟ್‌ಬುಕ್, ಒಂದು ಪೆನ್ನು ಸಾಕು.

ಮೊದಲನೇದು ಎರಡು ಕಾಲಂ. ಎಪಿಕ್ಟೀಟಸ್‌ನ ಎಲ್ಲ ಪಾಠ ನಿಂತಿರೋದು ಈ ಒಂದು ಬದುವಿನ ಮೇಲೆ: ಕೆಲವು ವಿಷಯ ನಮ್ಮ ಕೈಯಲ್ಲಿವೆ, ಕೆಲವು ಇಲ್ಲ. ಕೈಯಲ್ಲಿರೋದು ನಮ್ಮ ಅಭಿಪ್ರಾಯ, ನಮ್ಮ ಪ್ರಯತ್ನ, ಏನನ್ನ ಬಯಸ್ತೀವಿ, ಯಾವುದರಿಂದ ದೂರ ಇರ್ತೀವಿ ಅನ್ನೋದು. ಇಲ್ಲದ್ದು ಆಸ್ತಿ, ಅಧಿಕಾರ, ಜನ ಏನಂತಾರೆ ಅನ್ನೋದು, ಕೊನೆಗೆ ನಮ್ಮ ದೇಹ ಕೂಡ. ದೇಹವನ್ನ ಅವನು ಆ ಕಡೆ ಇಟ್ಟಿದ್ದು ಸುಮ್ಮನೆ ಅಲ್ಲ. ಜೀತದ ಆಳಿಗೆ ಗೊತ್ತಿರುತ್ತೆ, ಈ ಮೈ ತನ್ನದಲ್ಲ ಅಂತ.

ನೋಟ್‌ಬುಕ್ಕಿನಲ್ಲಿ ನಡುವೆ ಒಂದು ಗೀಟು ಎಳೀರಿ. ಎಡಕ್ಕೆ ನನ್ನ ಕೈಯಲ್ಲಿರೋದು, ಬಲಕ್ಕೆ ಇಲ್ಲದ್ದು. ನನ್ನ ಪುಸ್ತಕದ ಒಂದು ಪುಟ ಹಿಂಗಿದೆ. ಬಲಕ್ಕೆ: ಕೊಬ್ಬರಿ ರೇಟು, ಮುಂಗಾರು ಯಾವತ್ತು ಹಿಡಿಯುತ್ತೆ, ಬಿಳಿನೊಣ ಪಕ್ಕದ ತೋಟದಿಂದ ಬರುತ್ತೋ ಇಲ್ಲವೋ, ಮಗಳು ಓದು ಮುಗಿಸಿ ಊರಲ್ಲಿ ಇರ್ತಾಳೋ ಇಲ್ಲವೋ. ಎಡಕ್ಕೆ: ಅಟ್ಟದ ಮೇಲಿನ ಕಾಯಿಗೆ ಗಾಳಿ ಆಡೋ ಹಾಗೆ ನೋಡಿಕೊಳ್ಳೋದು, ಹದ ನೋಡಿ ಬಿತ್ತೋದು, ಗರಿ ತಳಭಾಗ ವಾರಕ್ಕೊಮ್ಮೆ ನೋಡೋದು, ಮಗಳ ಹತ್ತಿರ ರೇಗದೆ ಮಾತಾಡೋದು. ಬರೆದು ನೋಡಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯುತ್ತೆ. ರಾತ್ರಿ ನಿದ್ದೆ ಕೆಡಿಸೋದೆಲ್ಲ ಬಲಗಡೆ ಇರುತ್ತೆ. ಬೆಳಿಗ್ಗೆ ಮಾಡದೆ ಬಿಟ್ಟಿರೋದೆಲ್ಲ ಎಡಗಡೆ ಇರುತ್ತೆ.

ನಮ್ಮಕ್ಕನ ಮಗ ಈ ಪುಟ ನೋಡಿ ನಕ್ಕ. "ಮಾವ, ಇದನ್ನ ಬರೆದ್ರೆ ಕೊಬ್ಬರಿ ರೇಟ್ ಏರುತ್ತಾ?"

"ಏರಲ್ಲ ಕಣೋ. ರೇಟ್ ಇಳಿದ ದಿನ ಮನೆಯವರ ಮೇಲೆ ಕೂಗಾಡೋದು ಇಳಿಯುತ್ತೆ."

"ಹಂಗಾದ್ರೆ ರೇಟ್ ನಮ್ಮ ಕೈಲಿಲ್ಲ ಅಂತ ಸುಮ್ನೆ ಕೂತ್ಕೊಂಡ್ಬಿಡೋದಾ?"

ಪ್ರಶ್ನೆ ಸರಿಯಾಗಿದೆ. ಬಹಳ ಜನ ಈ ತತ್ವವನ್ನ ತಪ್ಪು ತಿಳಿಯೋದು ಇಲ್ಲೇ. ಇದಕ್ಕೆ ಸ್ಟೋಯಿಕರ ಉತ್ತರ ರೋಮಿನ ಸಿಸಿರೋ ಬರೆದಿಟ್ಟಿದ್ದಾನೆ, ಒಬ್ಬ ಬಿಲ್ಲುಗಾರನ ಉದಾಹರಣೆಯಲ್ಲಿ. ಗುರಿ ಹಿಡಿಯೋದು, ಹೆದೆ ಎಳೆಯೋದು, ಉಸಿರು ಕಟ್ಟೋದು ಬಿಲ್ಲುಗಾರನ ಕೆಲಸ. ಬಾಣ ಬಿಟ್ಟ ಮೇಲೆ ಗಾಳಿ ಬೀಸಬಹುದು. ತನ್ನ ಕಡೆಯಿಂದ ಏನೂ ಕಮ್ಮಿ ಮಾಡದೆ ಬಿಟ್ಟನೋ, ಅವನ ಕೆಲಸ ಆಯ್ತು. ಹಂಗೇ, ರೈತರ ಸಭೆಗೆ ಹೋಗೋದು, ಎದ್ದು ನಿಂತು ಮಾತಾಡೋದು, ಮನವಿಗೆ ಸಹಿ ಹಾಕೋದು, ನಾಲ್ಕು ಜನರನ್ನ ಕರೆದುಕೊಂಡು ಹೋಗೋದು, ಇದೆಲ್ಲ ಎಡಗಡೆ ಕಾಲಂ. ಅದಕ್ಕೆ ಸರ್ಕಾರ ಒಪ್ಪುತ್ತೋ ಇಲ್ಲವೋ ಅನ್ನೋದು ಬಲಗಡೆ. ಬಲಗಡೆ ಇದೆ ಅಂತ ಎಡಗಡೆಯದ್ದನ್ನ ಬಿಡೋಕೆ ಯಾವ ಸ್ಟೋಯಿಕನೂ ಹೇಳಲಿಲ್ಲ.

ಇನ್ನೊಂದು ಕಾಯಿಲೆ ಇದೆ, ಹಣೆಬರಹದ್ದು. "ಬರೋದಿದ್ರೆ ಬರುತ್ತೆ, ಹೋಗೋದಿದ್ರೆ ಹೋಗುತ್ತೆ, ಏನು ಮಾಡಿದ್ರೂ ಅಷ್ಟೇ." ಇದು ನಮ್ಮೂರಿನದ್ದೇ ಅಂದುಕೊಳ್ಳಬೇಡಿ. ಗ್ರೀಸಿನಲ್ಲೂ ಈ ವಾದ ಇತ್ತು, ಅವರು ಅದಕ್ಕೆ 'ಸೋಮಾರಿ ವಾದ' ಅಂತಲೇ ಹೆಸರಿಟ್ಟಿದ್ದರು. ಕಾಯಿಲೆ ವಾಸಿ ಆಗಬೇಕು ಅಂತ ಹಣೆಯಲ್ಲಿ ಬರೆದಿದ್ದರೆ ವೈದ್ಯನನ್ನ ಕರೆದರೂ ಅಷ್ಟೇ ಬಿಟ್ಟರೂ ಅಷ್ಟೇ, ಹಾಗಾಗಿ ಕರೆಯೋದು ದಂಡ ಅನ್ನೋ ವಾದ. ಕ್ಲಿಯಾಂಥಿಸ್ ನಂತರ ಬಂದ ಕ್ರಿಸಿಪಸ್ ಇದನ್ನ ಚೆನ್ನಾಗಿ ಮುರಿದ. ವಿಧಿಯನ್ನ ಅವನೂ ನಂಬ್ತಿದ್ದ. ಆದರೆ ವಾಸಿ ಆಗೋದು ಬರೆದಿದ್ದರೆ ವೈದ್ಯನನ್ನ ಕರೆಯೋದೂ ಅದರ ಜೊತೇಲೇ ಬರೆದಿರುತ್ತೆ, ಒಂದನ್ನ ಬಿಟ್ಟು ಇನ್ನೊಂದು ಬರಲ್ಲ ಅಂದ. ರಾಗಿ ಬೆಳೆಯೋದು ನನ್ನ ಹಣೆಯಲ್ಲಿ ಇದ್ದರೆ ಉಳೋದು, ಬಿತ್ತೋದು, ಕುಂಟೆ ಹೊಡೆಯೋದು ಅದೇ ಸಾಲಿನಲ್ಲಿ ಬರೆದಿರುತ್ತೆ. ವಿಧಿ ನಂಬೋರಿಗೂ ಸೋಮಾರಿ ಆಗೋಕೆ ಅವನು ದಾರಿ ಬಿಡಲಿಲ್ಲ.

ಎರಡನೇ ಅಭ್ಯಾಸ ರಾತ್ರಿ ಲೆಕ್ಕ. ಇದು ಸೆನೆಕಾ ಹೇಳಿಕೊಟ್ಟಿದ್ದು. ಕೋಪದ ಬಗ್ಗೆ ಅವನು ಬರೆದ ಪುಸ್ತಕದ ಮೂರನೇ ಭಾಗದಲ್ಲಿ ಬರುತ್ತೆ. ದೀಪ ಆರಿಸಿದ ಮೇಲೆ, ಅವನ ಅಭ್ಯಾಸ ಗೊತ್ತಿದ್ದ ಹೆಂಡತಿ ಸುಮ್ಮನಾದ ಮೇಲೆ, ಅವತ್ತಿನ ದಿನವನ್ನ ಬೆಳಗಿನಿಂದ ಒಂದೊಂದಾಗಿ ತೆಗೆದು ನೋಡ್ತಿದ್ದ. ತನಗೆ ತಾನೇ ಏನನ್ನೂ ಮುಚ್ಚಿಡ್ತಿರಲಿಲ್ಲ. ಎಲ್ಲಿ ಹೆಚ್ಚು ಮಾತಾಡಿದೆ, ಯಾರ ಮನಸ್ಸಿಗೆ ಸುಮ್ಮನೆ ನೋವು ಮಾಡಿದೆ ಅಂತ ವಿಚಾರಣೆ. ಇದನ್ನ ಅವನು ಸೆಕ್ಸ್ಟಿಯಸ್ ಅನ್ನೋ ಹಿರಿಯನಿಂದ ಕಲಿತಿದ್ದು. ಇವತ್ತು ಯಾವ ಕೆಟ್ಟ ಅಭ್ಯಾಸಕ್ಕೆ ಮದ್ದು ಮಾಡಿದೆ, ಯಾವುದನ್ನ ತಡೆದು ನಿಂತೆ, ಯಾವುದರಲ್ಲಿ ನಿನ್ನೆಗಿಂತ ಉತ್ತಮ ಆದೆ ಅಂತ ಆ ಹಿರಿಯ ಮಲಗೋ ಮುಂಚೆ ಕೇಳಿಕೊಳ್ತಿದ್ದನಂತೆ. ಇದರಲ್ಲಿ ನನಗೆ ಹಿಡಿಸಿದ್ದು ತೀರ್ಪಿನ ರೀತಿ. ಸೆನೆಕಾ ತನ್ನನ್ನ ತಾನು ಹೊಡೆದುಕೊಳ್ಳಲ್ಲ. ಈ ಸಲ ಬಿಟ್ಟಿದ್ದೀನಿ, ಇನ್ನೊಮ್ಮೆ ಮಾಡಬೇಡ ಅಂತ ಎಚ್ಚರಿಕೆ ಕೊಟ್ಟು ನಿದ್ದೆ ಮಾಡ್ತಾನೆ.

ನಾವು ಸಂಜೆ ಹಾಲು ಎಷ್ಟು ಲೀಟರ್ ಹಾಕಿದೆವು, ಆಳುಗಳಿಗೆ ಎಷ್ಟು ಕೊಟ್ಟೆವು ಅಂತ ಬರೀತೀವಿ. ಅದೇ ಪುಟದ ಕೆಳಗೆ ಎರಡು ಸಾಲು ಸಾಕು. ಕೆಲಸದವರ ಜೊತೆ ಇವತ್ತು ಹೆಂಗೆ ನಡೆದುಕೊಂಡೆ? ಪಾಲು ಆದಮೇಲೆ ಬದುವಿನ ವಿಷಯಕ್ಕೆ ಅಣ್ಣನ ಜೊತೆ ಇದ್ದ ಬಿಗಿ ಇವತ್ತು ಒಂದು ನೂಲು ಸಡಿಲ ಆಯ್ತಾ, ಇನ್ನೂ ಬಿಗಿ ಆಯ್ತಾ? ಕೋಪಕ್ಕೆ ಸೆನೆಕಾ ಹೇಳೋ ದೊಡ್ಡ ಮದ್ದು ತಡ ಮಾಡೋದು. ತೂಕದಲ್ಲಿ ಕಡಿತ ಮಾಡಿದ ವ್ಯಾಪಾರಿಗೆ, ಗ್ರೂಪಲ್ಲಿ ಕೆಣಕಿದವನಿಗೆ ಉತ್ತರ ಕೊಡೋಕೆ ನಾನು ಒಂದು ರಾತ್ರಿ ಬಿಡ್ತೀನಿ. ಉತ್ತರ ಕೊಡಬಾರದು ಅಂತಲ್ಲ. ಬೆಳಿಗ್ಗೆ ಕೊಟ್ಟ ಉತ್ತರ ಚಿಕ್ಕದಿರುತ್ತೆ, ತೂಕದ ಚೀಟಿ ಜೊತೇಲಿರುತ್ತೆ, ಕೆಲಸ ಆಗುತ್ತೆ.

ಮೂರನೇದು ಬೆಳಗಿನ ತಯಾರಿ. ಇದು ಆ ಗಡ್ಡದ ಚಕ್ರವರ್ತಿಯದ್ದು. ಮಾರ್ಕಸ್ ಅರೇಲಿಯಸ್ ರೋಮನ್ನ ಆಳಿದ್ದು ಕ್ರಿ.ಶ. 161ರಿಂದ 180ರವರೆಗೆ. ಅವನ ಕಾಲದಲ್ಲಿ ದೊಡ್ಡ ಸಾಂಕ್ರಾಮಿಕ ರೋಗ ಸಾಮ್ರಾಜ್ಯದ ಉದ್ದಕ್ಕೂ ಜನರನ್ನ ತಿಂತು. ಉತ್ತರದ ಗಡಿಯಲ್ಲಿ ವರ್ಷಗಟ್ಟಲೆ ಯುದ್ಧ. ಹತ್ತಕ್ಕೂ ಹೆಚ್ಚು ಮಕ್ಕಳು ಹುಟ್ಟಿದರೂ ಬಹುಪಾಲು ಮಕ್ಕಳು ಚಿಕ್ಕ ವಯಸ್ಸಲ್ಲೇ ಹೋದವು. ಡ್ಯಾನ್ಯೂಬ್ ನದಿ ದಂಡೆಯ ಸೇನಾ ಶಿಬಿರಗಳಲ್ಲಿ ಕೂತು ಅವನು ತನಗೋಸ್ಕರ ಗ್ರೀಕ್ ಭಾಷೇಲಿ ಟಿಪ್ಪಣಿ ಬರಕೊಂಡ. ಒಂದು ಭಾಗದ ಮೇಲೆ ಕಾರ್ನುಂಟಮ್ ಅಂತ ಶಿಬಿರದ ಹೆಸರೇ ಇದೆ. ಅದು ಈಗಿನ ಆಸ್ಟ್ರಿಯಾದಲ್ಲಿದೆ. ಆ ಟಿಪ್ಪಣಿ ಪ್ರಕಟಿಸೋಕೆ ಬರೆದದ್ದಲ್ಲ. ಇವತ್ತು ಅದನ್ನೇ ಕಪ್ಪು ಹಿನ್ನೆಲೆ ಹಾಕಿ ಲಕ್ಷಾಂತರ ಜನ ಹಂಚ್ತಿದ್ದಾರೆ.

ಆ ಟಿಪ್ಪಣಿಯಲ್ಲಿ ಒಂದು ಅಭ್ಯಾಸ ಬರುತ್ತೆ. ಬೆಳಿಗ್ಗೆ ಎದ್ದ ತಕ್ಷಣ ಇವತ್ತು ಮೂಗು ತೂರಿಸೋರು, ಉಪಕಾರ ಮರೆತೋರು, ಹೊಟ್ಟೆಕಿಚ್ಚಿನೋರು ಸಿಗ್ತಾರೆ ಅಂತ ತನಗೆ ತಾನೇ ಹೇಳಿಕೊಳ್ಳೋದು. ಇಷ್ಟಕ್ಕೆ ನಿಲ್ಲಿಸಿದ್ದರೆ ಅದು ಬರೀ ಸಿಡುಕು ಆಗ್ತಿತ್ತು. ಅವನು ಮುಂದಕ್ಕೆ ಹೋಗಿ, ಅವರೂ ನನ್ನ ಬಂಧುಗಳೇ, ಎರಡು ಕೈ, ಎರಡು ಕಾಲಿನ ಹಾಗೆ ಜೊತೆಗೂಡಿ ಕೆಲಸ ಮಾಡೋಕೆ ಹುಟ್ಟಿದವರು ಅಂತ ನೆನಪು ಮಾಡಿಕೊಳ್ತಾನೆ. ಪಂಚಾಯ್ತಿ ಆಫೀಸಿಗೋ, ಸರ್ವೆಗೋ, ಬ್ಯಾಂಕಿಗೋ ಹೋಗೋ ದಿನ ಬೆಳಿಗ್ಗೆ ಎರಡು ನಿಮಿಷ ಇದನ್ನ ಮಾಡಿ ನೋಡಿ. ಇವತ್ತು ನಾಳೆ ಬಾ ಅಂತಾರೆ, ಒಂದು ಕಾಗದ ಕಮ್ಮಿ ಅಂತಾರೆ ಅಂತ ಮೊದಲೇ ಗೊತ್ತಿದ್ದರೆ, ಅಂದಾಗ ಪಿತ್ತ ನೆತ್ತಿಗೇರಲ್ಲ. ಯಾವ ಕಾಗದ ಅಂತ ಬರೆಸಿಕೊಂಡು ಬರೋಷ್ಟು ತಾಳ್ಮೆ ಉಳಿಯುತ್ತೆ.

ಮೂರು ಅಭ್ಯಾಸ ಹೇಳಿದ್ದಾಯ್ತು. ಈಗ ಅದಕ್ಕಿಂತ ಮುಖ್ಯ ಅಂತ ನಾನು ನಂಬಿರೋ ಮಾತು.

ಒಬ್ಬನ ಮೂರನೇ ಬೋರ್‌ವೆಲ್ಲೂ ಬತ್ತಿದೆ. ಸಾಲ ಕೊಟ್ಟವರು ದಿನಾ ಫೋನ್ ಮಾಡ್ತಿದ್ದಾರೆ. ಮಗಳ ಫೀಸು ಕಟ್ಟೋ ಕಡೇ ದಿನ ಬಂದಿದೆ. ಅಂಥವನ ಫೋನಿಗೆ ನಾವು 'ನಿನ್ನ ಮನಸ್ಸು ನಿನ್ನ ಕೈಯಲ್ಲಿದೆ' ಅಂತ ಒಂದು ಚಿತ್ರ ಕಳಿಸ್ತೀವಿ. ಅವನಿಗೆ ಕೇಳಿಸೋದು ಏನು ಗೊತ್ತಾ? 'ನಿನ್ನ ಕಷ್ಟಕ್ಕೆ ನಿನ್ನ ಮನಸ್ಸೇ ಕಾರಣ, ನಮ್ಮನ್ನ ಕೇಳಬೇಡ' ಅಂತ. ಹೊಟ್ಟೆ ತುಂಬಿದವನು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದ ಹಾಗೆ ಅದು. ರೈತರ ಮನೆಗಳಲ್ಲಿ ಹಗ್ಗ, ಕ್ರಿಮಿನಾಶಕದ ಬಾಟ್ಲಿ ಕೈಗೆ ಸಿಗೋ ಜಾಗದಲ್ಲೇ ಇರ್ತವೆ. ಅಂಥ ಹೊತ್ತಲ್ಲಿ ಒಂಟಿತನ ಹೆಚ್ಚು ಮಾಡೋ ಮಾತು, ಎಷ್ಟೇ ದೊಡ್ಡ ಜ್ಞಾನಿಯದ್ದಾಗಲಿ, ಅಪಾಯ.

ಎಪಿಕ್ಟೀಟಸ್ ಈ ಬಗ್ಗೆಯೂ ಹೇಳಿದ್ದಾನೆ. ಅಳ್ತಿರೋನು ಸಿಕ್ಕಾಗ ಅವನ ಜೊತೆ ಸಹಾನುಭೂತಿಯ ಮಾತಾಡು, ಬೇಕಾದರೆ ಜೊತೇಲಿ ನರಳು, ಆದರೆ ಒಳಗೆ ನರಳಬೇಡ ಅಂತ. ಮೊದಲ ಅರ್ಧ ಒಪ್ಪಿದೆ. ಎರಡನೇ ಅರ್ಧಕ್ಕೆ ನನ್ನ ಒಪ್ಪಿಗೆ ಇಲ್ಲ. ಒಳಗೆ ನರಳದೇ ಇರೋನು ಎದ್ದು ನೆರೆಮನೆಗೆ ಹೋಗಲ್ಲ. ಎರಡು ಸಾವಿರ ವರ್ಷದ ಹಿಂದಿನ ಜ್ಞಾನಿ ಅಂತ ಎಲ್ಲದಕ್ಕೂ ತಲೆ ಆಡಿಸಬೇಕಿಲ್ಲ. ಜೀತದಾಳುಗಳೂ ಮನುಷ್ಯರೇ, ಅವರ ಜೊತೆ ಕೂತು ಊಟ ಮಾಡಿ ಅಂತ ಸೆನೆಕಾ ಚೆಂದದ ಪತ್ರ ಬರೆದ. ಜೀತವನ್ನೇ ತೆಗೀಬೇಕು ಅಂತ ಬರೀಲಿಲ್ಲ. ಸರಳ ಬದುಕಿನ ಬಗ್ಗೆ ಬರೆದ ಅವನು ರೋಮಿನ ದೊಡ್ಡ ಶ್ರೀಮಂತರಲ್ಲಿ ಒಬ್ಬ, ನೀರೋ ಚಕ್ರವರ್ತಿಯ ಗುರು. ಕೊನೆಗೆ ಕ್ರಿ.ಶ. 65ರಲ್ಲಿ ಅದೇ ನೀರೋ ಆಜ್ಞೆಗೆ ಪ್ರಾಣ ಬಿಟ್ಟ. ಅವನು ಬದುಕಿದ್ದಾಗಲೇ ಜನ ಈ ಶ್ರೀಮಂತಿಕೆ ಬಗ್ಗೆ ಆಡಿಕೊಂಡಿದ್ದರು. ಬೀಜ ಆರಿಸೋ ಹಾಗೆ ಇವರನ್ನೂ ಆರಿಸಬೇಕು. ಗಟ್ಟಿ ಕಾಳು ಇಟ್ಟುಕೊಳ್ಳಿ, ಜೊಳ್ಳು ತೂರಿ.

ಹಾಗೆ ಆರಿಸಿದಾಗ ಸಿಕ್ಕ ಗಟ್ಟಿ ಕಾಳು ಹೈರೊಕ್ಲಿಸ್ ಅನ್ನೋ ಸ್ಟೋಯಿಕನ ಮಾತು. ಪ್ರತಿಯೊಬ್ಬನ ಸುತ್ತ ವೃತ್ತಗಳಿವೆ ಅಂತ ಅವನು ಹೇಳ್ತಾನೆ. ನಡುವೆ ನಾನು, ಆಮೇಲೆ ಮನೆಯವರು, ನೆಂಟರು, ಊರವರು, ದೇಶದವರು, ಕೊನೆಗೆ ಇಡೀ ಮನುಷ್ಯ ಕುಲ. ಹೊರಗಿನ ವೃತ್ತದವರನ್ನ ಒಂದೊಂದು ಹೆಜ್ಜೆ ಒಳಕ್ಕೆ ಎಳೆದುಕೊಳ್ಳೋದೇ ನಮ್ಮ ಕೆಲಸ ಅನ್ನೋದು ಅವನ ಪಾಠ. ನೆಂಟನನ್ನ ಮನೆಯವನ ಹಾಗೆ, ಊರವನನ್ನ ನೆಂಟನ ಹಾಗೆ. ನನ್ನ ಪ್ರಕಾರ ವ್ಯಕ್ತಿತ್ವ ವಿಕಸನ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಅಳತೆಗೋಲು ಇಲ್ಲ. ಎಷ್ಟು ಪುಸ್ತಕ ಓದಿದೆ, ಎಷ್ಟು ಗಂಟೆಗೆ ಎದ್ದೆ ಅನ್ನೋದು ಆಮೇಲೆ. ಈ ವರ್ಷ ಯಾರನ್ನ ಒಂದು ವೃತ್ತ ಒಳಕ್ಕೆ ಕರೆದುಕೊಂಡೆ?

ಹಾಗಾಗಿ ನನ್ನ ನಿಯಮ ಇದು. ಎರಡು ಕಾಲಂ ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ. ಕಷ್ಟದಲ್ಲಿರೋನ ಎದುರು ಆ ಪುಸ್ತಕ ತೆಗೆಯಲ್ಲ. ಅಲ್ಲಿ ಜಗಲಿ ಮೇಲೆ ಕೂತು ಕಾಫಿ ಕುಡಿದು ಅವನು ಹೇಳೋದನ್ನ ಕೇಳೋದು, ಬ್ಯಾಂಕಿಗೆ ಜೊತೇಲಿ ಹೋಗೋದು, ಎರಡು ಗಂಟೆ ನಮ್ಮ ಬೋರಿನ ನೀರು ಅವನ ಹೊಲಕ್ಕೆ ಬಿಡೋದು. ಅವನ ಬಲಗಡೆ ಕಾಲಂನಲ್ಲಿರೋ ಎಷ್ಟೋ ವಿಷಯ ನನ್ನ ಎಡಗಡೆ ಕಾಲಂನಲ್ಲಿರುತ್ತೆ. ಇದು ಹೊಳೆದರೆ ಎಪಿಕ್ಟೀಟಸ್‌ನ ಪಾಠ ಪೂರ್ತಿ ಅರ್ಥ ಆಯ್ತು ಅಂತ.

ಕೊನೇದಾಗಿ ಅವಸರದ ಬಗ್ಗೆ. 21 ದಿನದಲ್ಲಿ ಹೊಸ ಮನುಷ್ಯ ಆಗಿ ಅನ್ನೋ ವಿಡಿಯೋಗಳು ಬರ್ತವೆ. ಎಪಿಕ್ಟೀಟಸ್ ಇದಕ್ಕೆ ಬೇಸಾಯದ ಭಾಷೇಲೇ ಉತ್ತರ ಕೊಟ್ಟಿದ್ದಾನೆ. ಒಂದು ಅಂಜೂರದ ಹಣ್ಣಿಗೇ ಹೂವು, ಕಾಯಿ, ಮಾಗೋದು ಅಂತ ಕಾಲ ಬೇಕಿರುವಾಗ ಮನುಷ್ಯನ ಮನಸ್ಸಿನ ಫಲ ಒಂದು ಗಂಟೇಲಿ ಬೇಕು ಅಂದರೆ ಹೆಂಗೆ ಅಂತ ಕೇಳ್ತಾನೆ. ಇನ್ನೊಂದು ಕಡೆ ಅವನು ಹೇಳೋದು ಕಾಳಿನ ಬಗ್ಗೆ. ಬೀಜ ಸ್ವಲ್ಪ ಕಾಲ ಮಣ್ಣಲ್ಲಿ ಹೂತು, ಕಣ್ಣಿಗೆ ಕಾಣದೆ, ನಿಧಾನವಾಗಿ ಬೆಳೀಬೇಕು. ಗೆಣ್ಣು ಬಲಿಯೋ ಮುಂಚೆ ತೆನೆ ಹೊರಟರೆ ಆ ಪೈರು ಪೂರ್ತಿ ಆಗಲ್ಲ. ಮೊಳಕಾಲುದ್ದ ಇರುವಾಗಲೇ ತೆನೆ ತೋರಿಸೋ ರಾಗಿ ಪೈರನ್ನ ನಾವೆಲ್ಲ ಬರದ ವರ್ಷದಲ್ಲಿ ನೋಡಿದ್ದೀವಿ. ಅದರಲ್ಲಿ ಕಾಳು ಎಷ್ಟಿರುತ್ತೆ ಅಂತ ನಿಮಗೇ ಗೊತ್ತು. ನಾಲ್ಕು ಸಾಲು ಓದಿ ಎರಡನೇ ದಿನಕ್ಕೇ ಬೇರೆಯವರಿಗೆ ಬೋಧನೆ ಶುರು ಮಾಡೋದು ಅಂಥದ್ದೇ ತೆನೆ.

ಈ ಮುಂಗಾರು ಬಿತ್ತನೆಯಿಂದ ಕಣದವರೆಗೆ ಒಂದೇ ಒಂದು ಅಭ್ಯಾಸ ಹಿಡಿದು ನೋಡಿ. ಮೂರೂ ಬೇಡ, ಒಂದು ಸಾಕು. ಯಾರಿಗೂ ಹೇಳಬೇಡಿ, ಇಲ್ಲಿ ಕಾಮೆಂಟಿನಲ್ಲೂ ಬರೀಬೇಡಿ. ಬದಲಾವಣೆ ಆಗಿದ್ದರೆ ನಿಮ್ಮ ಮನೆಯವರಿಗೆ, ಕೆಲಸಕ್ಕೆ ಬರೋರಿಗೆ, ಕೊಟ್ಟಿಗೆಯ ಹಸುವಿಗೆ ತಾನಾಗೇ ಗೊತ್ತಾಗುತ್ತೆ.